ಎಸ್ಸೆಸ್ಸೆಲ್ಸಿಗೂ ಮೊದಲೇ ಶುರುವಾಗುವ ತಯಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನ ಅಂಗಳದಲ್ಲಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಅಂಕಪಟ್ಟಿಯ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಕಾರ್ಡು, ವರ್ಗಾವಣೆ ಪತ್ರ ಇವುಗಳ ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತ ತಂದೆ ತಾಯಂದಿರ ಪಕ್ಕದಲ್ಲಿ ಹದಿನೈದು ಹದಿನಾರರ ಹುಡುಗ ಹುಡುಗಿಯರು ನಿಂತಿರುತ್ತಾರೆ. ಅರ್ಜಿಯಲ್ಲಿ ಹೆಸರು, ವಿಳಾಸ, ಪ್ರವರ್ಗ ಎಲ್ಲವನ್ನೂ ವಿದ್ಯಾರ್ಥಿಯೇ ಬರೆದರೂ ‘ಕಾಂಬಿನೇಷನ್’ ಎಂಬ ಕಲಂ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ, ಕಣ್ಣು ಅಪ್ಪನ ಕಡೆಗೋ ಅಮ್ಮನ ಕಡೆಗೋ ಹೊರಳುತ್ತದೆ, ಮನೆಯಲ್ಲಿ ಮೊದಲೇ ತೀರ್ಮಾನವಾದ ನಾಲ್ಕು ಅಕ್ಷರಗಳು ಅಲ್ಲಿ ದಾಖಲಾಗುತ್ತವೆ.

ಪಿಸಿಎಂಬಿ, ಪಿಸಿಎಂಸಿ, ಸೆಬಾ, ಹೆಪ್ಸ್ ಮುಂತಾದ ಈ ಗುಂಪುಗಳ ಆಯ್ಕೆಯೇ ಮಗುವಿನ ಭವಿಷ್ಯದ ನಿರ್ಧಾರವೆಂದು ಬಹುತೇಕ ಮನೆಗಳು ಭಾವಿಸುವುದರಿಂದ, ಪೋಷಕರ ಪ್ರಭಾವದ ಚರ್ಚೆಯೂ ಸಾಮಾನ್ಯವಾಗಿ ಇಲ್ಲಿಗೇ ಸೀಮಿತವಾಗುತ್ತದೆ: ಅಪ್ಪ ಅಮ್ಮ ಒತ್ತಾಯ ಮಾಡಬೇಕೇ, ಬಿಡಬೇಕೇ? ಆದರೆ ವೃತ್ತಿ ಮನೋವಿಜ್ಞಾನದ ನೂರು ವರ್ಷಕ್ಕೂ ಮಿಕ್ಕಿದ ಅಧ್ಯಯನಗಳನ್ನು ನೋಡಿದರೆ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. ಹೆತ್ತವರ ಪ್ರಭಾವ ಹೆಚ್ಚು ಕೆಲಸ ಮಾಡುವುದು ಆ ಒಂದು ಕಲಂ ತುಂಬುವಾಗ ಅಲ್ಲ, ಅದಕ್ಕೂ ಹಿಂದಿನ ಐದಾರು ವರ್ಷಗಳಲ್ಲಿ, ಯಾರೂ ಅದನ್ನು ‘ಕೆರಿಯರ್ ಗೈಡೆನ್ಸ್’ ಎಂದು ಕರೆಯದ ಹೊತ್ತುಗಳಲ್ಲಿ.

ಸನ್ನದ್ಧತೆ ಎಂದರೇನು?

ವೃತ್ತಿ ಮಾರ್ಗದರ್ಶನವನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಮೊದಲಿಗರೆಂದು ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಅವರನ್ನು ಗುರುತಿಸಲಾಗುತ್ತದೆ. 1908ರಲ್ಲಿ ಬಾಸ್ಟನ್ ನಗರದಲ್ಲಿ ಅವರು ತೆರೆದ ಕೇಂದ್ರದ ತತ್ವ ಸರಳವಾಗಿತ್ತು: ತನ್ನನ್ನು ತಾನು ತಿಳಿಯುವುದು, ಕೆಲಸಗಳ ಲೋಕವನ್ನು ತಿಳಿಯುವುದು, ಎರಡನ್ನೂ ವಿವೇಚನೆಯಿಂದ ಹೊಂದಿಸುವುದು. ಆದರೆ ಮನುಷ್ಯ ಒಮ್ಮೆ ಹೊಂದಿಸಿಕೊಂಡರೆ ಮುಗಿಯಿತೆಂಬ ಈ ತಿಳಿವಳಿಕೆಯನ್ನು ಮನೋವಿಜ್ಞಾನಿ ಡೊನಾಲ್ಡ್ ಸೂಪರ್ 1950ರ ದಶಕದಲ್ಲಿ ಬದಲಿಸಿದರು. ಅವರ ಪ್ರಕಾರ ವೃತ್ತಿ ಎನ್ನುವುದು ಬದುಕಿನುದ್ದಕ್ಕೂ ಬೆಳೆಯುವ ಸಂಗತಿಯಾಗಿದ್ದು, ಸುಮಾರು ಹದಿನೈದರಿಂದ ಇಪ್ಪತ್ತನಾಲ್ಕು ವರ್ಷದವರೆಗಿನ ಅವಧಿ ಹುಡುಕಾಟದ್ದು. ಅಂದರೆ ಪ್ರಯತ್ನಿಸಿ ನೋಡುವ, ತಪ್ಪಿದರೆ ತಿದ್ದಿಕೊಳ್ಳುವ ಕಾಲ.

ಸೂಪರ್ ಅವರ ಚಿಂತನೆಯನ್ನು ಮುಂದುವರಿಸಿದ ಮಾರ್ಕ್ ಸಾವಿಕಾಸ್, ಬದಲಾಗುವ ಕೆಲಸದ ಲೋಕಕ್ಕೆ ಹೊಂದಿಕೊಳ್ಳುವ ಸಾಮರ್ಥ್ಯವನ್ನೇ ಸನ್ನದ್ಧತೆಯ ತಿರುಳೆಂದು ವಿವರಿಸಿ, ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದರು. ನಾಳೆಯ ಬಗ್ಗೆ ಯೋಚಿಸುವ ಕಾಳಜಿ, ತನ್ನ ನಿರ್ಧಾರದ ಹೊಣೆ ತನ್ನದೆಂಬ ಹಿಡಿತ, ಬೇರೆ ಬೇರೆ ಕೆಲಸಗಳನ್ನು ಅರಿಯುವ ಕುತೂಹಲ, ಎದುರಾಗುವ ತೊಡಕನ್ನು ನಿಭಾಯಿಸಬಲ್ಲೆನೆಂಬ ವಿಶ್ವಾಸ. ಹದಿಮೂರು ದೇಶಗಳ ಸಂಶೋಧಕರು ಕೂಡಿ ರೂಪಿಸಿದ ಇದರ ಅಳತೆಗೋಲು 2012ರಲ್ಲಿ ಪ್ರಕಟವಾಯಿತು.

ಈ ನಾಲ್ಕರಲ್ಲಿ ಯಾವುದೂ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆರುನೂರ ಇಪ್ಪತ್ತೈದಕ್ಕೆ ಆರುನೂರು ಅಂಕ ಪಡೆದ ಮಗುವಿನಲ್ಲಿ ಕುತೂಹಲವಾಗಲೀ ಹಿಡಿತವಾಗಲೀ ಇಲ್ಲದಿರಬಹುದು. ಮುನ್ನೂರು ಪಡೆದ ಹುಡುಗಿ ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ಸೊಪ್ಪು ಮಾರುವಾಗ ಇವೆಲ್ಲವನ್ನೂ ರೂಢಿಸಿಕೊಂಡಿರಬಹುದು. ಪರೀಕ್ಷೆಯ ಸಿದ್ಧತೆಯನ್ನೇ ವೃತ್ತಿಯ ಸಿದ್ಧತೆಯೆಂದು ಭಾವಿಸಿರುವುದು ಕರ್ನಾಟಕದ ಪೋಷಕರಲ್ಲಿ ಹರಡಿರುವ ಅತಿ ದೊಡ್ಡ ತಪ್ಪು ತಿಳಿವಳಿಕೆಯೆಂದು ಹೇಳಬೇಕಾಗುತ್ತದೆ.

ಆಸೆಗೂ ಒಂದು ಚರಿತ್ರೆಯಿದೆ

ಮಗ ಎಂಜಿನಿಯರ್ ಆಗಲಿ, ಮಗಳು ಡಾಕ್ಟರ್ ಆಗಲಿ ಎಂಬ ಆಸೆಯನ್ನು ಪೋಷಕರ ಹಟವೆಂದಷ್ಟೇ ನೋಡುವುದು ಅನ್ಯಾಯ. ಆ ಆಸೆ ಈ ನೆಲದಲ್ಲಿ ಕಣ್ಣಾರೆ ಕಂಡ ಫಲಗಳಿಂದ ಹುಟ್ಟಿದೆ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಎಂಜಿನಿಯರ್ ಪದವಿಗೆ ಇಲ್ಲಿ ವಿಶೇಷ ಗೌರವವಿದೆ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಖಾಸಗಿ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಬಳಿಕ ಸರ್ಕಾರಿ ಸೀಟು ಸಿಗದವರಿಗೂ ವೈದ್ಯರಾಗುವ ದಾರಿ ತೆರೆಯಿತು.

ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ಬೋಧನಾ ಶುಲ್ಕದ ಹೊರತಾಗಿ ವಸೂಲು ಮಾಡುವ ದೊಡ್ಡ ಮೊತ್ತ, ಒಂದು ಪಿಡುಗಾಯಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕಾನೂನು ಮಾಡಿತು. 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಬೆನ್ನಲ್ಲೇ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಲ್ಲರ ಬಾಯಲ್ಲಿ ‘ಸಿಇಟಿ’, ಜಾರಿಗೆ ಬಂದಿತು. ಹಣವಿಲ್ಲದ ಮನೆಯ ಮಗುವಿಗೂ ರ‍್ಯಾಂಕಿನ ಬಲದಿಂದ ಸೀಟು ಸಿಗಬಹುದೆಂಬ ನಂಬಿಕೆ ಹಳ್ಳಿಹಳ್ಳಿಗೂ ಹರಡಿದ್ದು ಆಗಲೇ.

ಇದೇ ಹೊತ್ತಿಗೆ ಬೆಂಗಳೂರು ಬದಲಾಗುತ್ತಿತ್ತು. ಇನ್ಫೊಸಿಸ್ 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂದಿತ್ತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ತನ್ನ ಕೇಂದ್ರ ತೆರೆದಿತ್ತು. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದಾಗ, ಶಾಲಾ ಮೇಷ್ಟರ, ಗುಮಾಸ್ತರ, ರೈತರ ಮಕ್ಕಳು ಸಿಇಟಿ ಮೂಲಕ ಎಂಜಿನಿಯರಾಗಿ, ಹೆತ್ತವರ ವರ್ಷದ ದುಡಿಮೆಯನ್ನು ಕೆಲವೇ ತಿಂಗಳಲ್ಲಿ ಸಂಪಾದಿಸತೊಡಗಿದರು. ಬೀದಿಯಲ್ಲಿ ಅಂಥ ಒಂದು ಮನೆಯಿದ್ದರೆ ಸಾಕು, ಉಳಿದ ಮನೆಗಳಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಇಂದಿನ ಪೋಷಕರಲ್ಲಿ ಅನೇಕರು ಆ ಏಳಿಗೆಯನ್ನು ತಮ್ಮ ಯೌವನದಲ್ಲಿ ನೋಡಿದವರು. ತಮ್ಮ ಮಕ್ಕಳಿಗೆ ಅವರು ತೋರಿಸುತ್ತಿರುವುದು ತಮ್ಮ ಕಾಲದಲ್ಲಿ ಗೆದ್ದ ದಾರಿಯನ್ನು.

ಕಷ್ಟವಿರುವುದು ಇಲ್ಲಿಯೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ನಲವತ್ತೊಂದು ದೇಶಗಳ ಹದಿನೈದರ ಹರೆಯದವರ ಉತ್ತರಗಳನ್ನು ಆಧರಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ 47ರಷ್ಟು ಹುಡುಗರು, ಶೇ 53ರಷ್ಟು ಹುಡುಗಿಯರು ಮೂವತ್ತನೇ ವಯಸ್ಸಿಗೆ ತಾವು ಮಾಡಲಿರುವ ಕೆಲಸವೆಂದು ಹೇಳಿದ್ದು ಕೇವಲ ಹತ್ತು ಜನಪ್ರಿಯ ವೃತ್ತಿಗಳಲ್ಲೊಂದನ್ನು. ಈ ಸಮೀಕ್ಷೆಯಲ್ಲಿ ಭಾರತ ಇರಲಿಲ್ಲ. ಆದರೂ ಮಕ್ಕಳ ಕನಸುಗಳು ಅವರ ಸುತ್ತಲಿನ ಹಿರಿಯರಿಗೆ ಗೊತ್ತಿರುವ ಹೆಸರುಗಳಷ್ಟೇ ಕಿರಿದಾಗಿರುತ್ತವೆ ಎಂಬ ಅದರ ಸೂಚನೆ ಇಲ್ಲಿಗೂ ಅನ್ವಯಿಸುತ್ತದೆ.

ಮನೆ ಕಲಿಸುವ ಬಗೆ

ಹೆತ್ತವರ ಪ್ರಭಾವ ಮಗುವಿನೊಳಗೆ ಇಳಿಯುವ ಬಗೆಯನ್ನು ತೋರಿಸಿದ ಮುಖ್ಯ ಅಧ್ಯಯನಗಳಲ್ಲೊಂದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಅವರ ಇಟಲಿಯ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದರು. ಕುಟುಂಬದ ಅಂತಸ್ತು, ವರಮಾನಗಳು ಮಗುವಿನ ವೃತ್ತಿಯ ಒಲವನ್ನು ನೇರವಾಗಿ ರೂಪಿಸುವುದಿಲ್ಲ, ಅವು ತನ್ನ ಮಗುವಿನ ಕಲಿಕೆಗೆ ತಾನು ನೆರವಾಗಬಲ್ಲೆನೆಂಬ ಪೋಷಕರ ನಂಬಿಕೆ ಮತ್ತು ಅವರು ಮಗುವಿನ ಮೇಲೆ ಇಟ್ಟಿರುವ ನಿರೀಕ್ಷೆಗಳ ಮೂಲಕ ಹಾದು ಬರುತ್ತವೆ ಎಂಬುದು ಅದರ ಒಂದು ಫಲಿತ. ಇನ್ನೊಂದು ಫಲಿತ ಇದಕ್ಕಿಂತ ಮಹತ್ವದ್ದು: ಯಾವ ವೃತ್ತಿ ತನಗೆ ಸಾಧ್ಯವೆಂದು ಮಗು ಭಾವಿಸುತ್ತದೆ ಎಂಬುದನ್ನು ನಿರ್ಣಯಿಸುವುದರಲ್ಲಿ ಅದು ಪಡೆದ ಅಂಕಗಳಿಗಿಂತ ತನ್ನಿಂದ ಆಗುತ್ತದೆಂಬ ಅದರ ಸ್ವಂತ ನಂಬಿಕೆಯ ಪಾತ್ರವೇ ದೊಡ್ಡದು. ‘ನಿನ್ನ ಕೈಲಿ ಆಗಲ್ಲ ಬಿಡು’ ಎಂದು ಮನೆಯಲ್ಲಿ ದಿನಕ್ಕೊಮ್ಮೆ ಕೇಳಿಸಿಕೊಳ್ಳುವ ಮಗು ಮುಂದೆ ಎಷ್ಟು ಅಂಕ ತೆಗೆದರೂ ಆ ಮಾತನ್ನು ಹೊತ್ತುಕೊಂಡೇ ನಡೆಯುತ್ತದೆ.

ಪಾಲನೆಯ ರೀತಿಗಳನ್ನು 1960ರ ದಶಕದಲ್ಲಿ ವರ್ಗೀಕರಿಸಿದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಮುಖ್ಯವಾಗಿ ಮೂರು ಬಗೆಯ ಪೋಷಕರನ್ನು ಗುರುತಿಸಿದ್ದರು. ಹೇಳಿದಂತೆ ಕೇಳಬೇಕೆನ್ನುವವರು, ಏನು ಮಾಡಿದರೂ ಸುಮ್ಮನಿರುವವರು, ಮತ್ತು ನಿಯಮಗಳನ್ನು ಬಿಗಿಯಾಗಿಟ್ಟುಕೊಂಡೇ ಅವುಗಳ ಕಾರಣವನ್ನು ವಿವರಿಸಿ, ಮಗುವಿನ ಮಾತಿಗೂ ಕಿವಿಗೊಡುವವರು. ಮೂರನೆಯ ಬಗೆಯ ಮನೆಗಳ ಮಕ್ಕಳು ನಿರ್ಧಾರ ಕೈಗೊಳ್ಳುವುದರಲ್ಲಿ ಹೆಚ್ಚು ಸಮರ್ಥರಾಗುತ್ತಾರೆಂಬುದನ್ನು ಮುಂದಿನ ಹಲವು ಅಧ್ಯಯನಗಳು ಬೆಂಬಲಿಸಿವೆ. ಪಾಶ್ಚಾತ್ಯ ಕುಟುಂಬಗಳನ್ನು ನೋಡಿ ಮಾಡಿದ ಈ ವರ್ಗೀಕರಣ, ಅಜ್ಜಿ, ಸೋದರಮಾವ, ಚಿಕ್ಕಪ್ಪಂದಿರೆಲ್ಲ ಮಾತಾಡುವ ಇಲ್ಲಿನ ಮನೆಗಳಿಗೆ ಹಾಗೆಹಾಗೆಯೇ ಹೊಂದುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಟ್ಟಣದಲ್ಲಿ ನೌಕರಿಯಲ್ಲಿರುವ ಮಾವನ ಮಾತೇ ಕೊನೆಯ ಮಾತು. ಆದರೂ ಬಿಗಿ ಮತ್ತು ಆಲಿಸುವಿಕೆ ಒಟ್ಟಿಗೆ ಇರಬಲ್ಲವೆಂಬ ಅದರ ತಿಳಿವು ಎಲ್ಲೆಡೆಗೂ ಸಲ್ಲುತ್ತದೆ.

ಈ ತತ್ವಗಳು ದಿನದ ಬದುಕಿನಲ್ಲಿ ತೀರ ಸಣ್ಣ ಸಂಗತಿಗಳಾಗಿ ಕಾಣಿಸಿಕೊಳ್ಳುತ್ತವೆ. ಬ್ಯಾಂಕಿಗೆ ಹೋದಾಗ ಹಣ ಕಟ್ಟುವ ಚಲನ್ನನ್ನು ಮಗಳ ಕೈಗೆ ಕೊಟ್ಟು ಕೌಂಟರಿನಲ್ಲಿ ಅವಳೇ ಮಾತಾಡುವಂತೆ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುವ ತಂದೆ ಅವಳಿಗೆ ಅಪರಿಚಿತರೊಂದಿಗೆ ವ್ಯವಹರಿಸುವುದನ್ನು ಕಲಿಸುತ್ತಿರುತ್ತಾನೆ. ತನ್ನ ಹೊಲಿಗೆ ಯಂತ್ರದ ಪಕ್ಕ ಮಗನನ್ನು ಕೂರಿಸಿಕೊಂಡು, ರವಿಕೆಯೊಂದಕ್ಕೆ ಬಟ್ಟೆ, ದಾರ, ಕರೆಂಟು, ಹೊತ್ತು ಎಷ್ಟು ಹಿಡಿಯುತ್ತದೆ, ಕೊನೆಗೆ ಕೈಗೆಷ್ಟು ಉಳಿಯುತ್ತದೆ ಎಂದು ಲೆಕ್ಕ ಹೇಳುವ ತಾಯಿ ವಾಣಿಜ್ಯಶಾಸ್ತ್ರದ ಒಂದು ಅಧ್ಯಾಯವನ್ನೇ ಬೋಧಿಸುತ್ತಿರುತ್ತಾಳೆ. ಇಂಥ ಮನೆಯ ಮಕ್ಕಳಿಗೆ ಕೆಲಸವೆಂದರೆ ಏನೆಂಬುದು ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ಆದರೆ ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ‘ನೀನು ಓದು ಸಾಕು, ಉಳಿದದ್ದು ನಾವು ನೋಡ್ಕೋತೀವಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಅದರ ಪರಿಣಾಮವಾಗಿ ಹದಿನೆಂಟು ತುಂಬಿದರೂ ರೈಲು ಟಿಕೆಟ್ ಮಾಡಿಸಿ ಗೊತ್ತಿಲ್ಲದ, ಕಚೇರಿಯೊಂದರಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಕೇಳಲು ಹಿಂಜರಿಯುವ, ಅಪ್ಪನ ಸಂಬಳವೆಷ್ಟೆಂದು ತಿಳಿಯದ ಯುವಕ ಯುವತಿಯರು ಕಾಲೇಜಿನಿಂದ ಹೊರಬರುತ್ತಾರೆ. ಮೊದಲ ಸಂದರ್ಶನದಲ್ಲಿ ಅವರು ತಡವರಿಸಿದಾಗ ಇಂಗ್ಲಿಷಿನ ಕೊರತೆಯನ್ನು ದೂರುವುದು ರೂಢಿ. ಕೊರತೆ ಹಲವು ಬಾರಿ ಬೇರೆಡೆ ಇರುತ್ತದೆ.

ಹೆತ್ತವರ ಕೆಲಸವೇ ಮಗುವಿನ ಅರ್ಹತೆಯಾಗುವ ಒಂದು ಅಪರೂಪದ ವ್ಯವಸ್ಥೆ ಕರ್ನಾಟಕದಲ್ಲಿದೆ. ಕೃಷಿ ವಿಜ್ಞಾನದ ಪದವಿಗೆ ಕೃಷಿಕರ ಮಕ್ಕಳಿಗೆಂದು ಮೀಸಲಿಟ್ಟ ಸೀಟುಗಳನ್ನು ಬಯಸುವವರು ಕುಟುಂಬದ ಪಹಣಿ ಮತ್ತು ಕೃಷಿ ವರಮಾನದ ಪ್ರಮಾಣಪತ್ರ ಒದಗಿಸುವುದಲ್ಲದೆ, ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಮುಂದಿಟ್ಟ ಬೀಜ ಯಾವುದು, ಗೊಬ್ಬರ ಯಾವುದು, ಕಳೆ ಯಾವುದು, ಈ ಉಪಕರಣ ಯಾತಕ್ಕೆ ಬಳಕೆಯಾಗುತ್ತದೆ ಎಂದು ಗುರುತಿಸಿ ಹೇಳಬೇಕಾದ ಆ ಪರೀಕ್ಷೆಯಲ್ಲಿ ರಾಗಿಯ ಸಾಲಿನ ನಡುವಿನ ಕಳೆಯನ್ನು ಕೈಯಾರೆ ಕಿತ್ತ ಮಗುವಿಗೆ ಸಹಜವಾಗಿ ಅನುಕೂಲವಿರಬೇಕು. ಆದರೆ ರೈತರ ಮಕ್ಕಳಿಗೇ ಇದಕ್ಕಾಗಿ ತರಬೇತಿ ಶಿಬಿರಗಳು ಬೇಕಾಗುತ್ತಿವೆ. ಬೇಸಾಯದ ಕಷ್ಟ ಮಕ್ಕಳಿಗೆ ತಟ್ಟದಿರಲೆಂದು ಅವರನ್ನು ಹೊಲದಿಂದ ದೂರವಿಟ್ಟ ತಂದೆ ತಾಯಂದಿರ ನೋವು ಅರ್ಥವಾಗುವಂಥದ್ದೇ. ಆ ದೂರದ ಜೊತೆಗೆ ಒಂದು ತಿಳಿವಳಿಕೆಯೂ ಕೈಬಿಟ್ಟು ಹೋಗಿದೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಮನೆಗೆಲಸ, ಹೊಲಗೆಲಸ, ಅಂಗಡಿಯ ಕೆಲಸಗಳಲ್ಲಿ ಮಕ್ಕಳನ್ನು ತೊಡಗಿಸುವುದಕ್ಕೂ ದುಡಿಮೆಗೆ ಹಚ್ಚುವುದಕ್ಕೂ ಕಾನೂನು ಗೆರೆ ಎಳೆದಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯ್ದೆಯು ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, ಶಾಲೆಯ ಹೊತ್ತಿನ ನಂತರ ಮತ್ತು ರಜೆಯಲ್ಲಿ ಅಪಾಯವಿಲ್ಲದ ಕುಟುಂಬದ ಕೆಲಸಕ್ಕೆ ನೆರವಾಗುವುದನ್ನು ಅನುಮತಿಸುತ್ತದೆ. ಹದಿನಾಲ್ಕರಿಂದ ಹದಿನೆಂಟರವರೆಗಿನ ಕಿಶೋರರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.

ಮಾಹಿತಿ ಎಲ್ಲರ ಮನೆಯಲ್ಲೂ ಒಂದೇ ಅಲ್ಲ

ಅಮೆರಿಕದ ಸಮಾಜಶಾಸ್ತ್ರಜ್ಞೆ ಅನೆಟ್ ಲಾರೋ 2003ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ, ಮಧ್ಯಮವರ್ಗದ ಪೋಷಕರು ಮಕ್ಕಳ ಪ್ರತಿಭೆಯನ್ನು ಯೋಜನೆ ಹಾಕಿ ಬೆಳೆಸುತ್ತಾ, ಅಧಿಕಾರಸ್ಥಾನದಲ್ಲಿರುವವರನ್ನು ಪ್ರಶ್ನಿಸುವ ರೂಢಿಯನ್ನೂ ಕಲಿಸುತ್ತಾರೆ, ಶ್ರಮಿಕರ ಮನೆಗಳಲ್ಲಿ ಮಕ್ಕಳಿಗೆ ಸ್ವಂತ ಆಟ, ಬಿಡುವು, ನಂಟರ ಒಡನಾಟ ಹೆಚ್ಚಿದ್ದರೂ ಸಂಸ್ಥೆಗಳೊಂದಿಗೆ ವ್ಯವಹರಿಸುವ ಜಾಣ್ಮೆ ದೊರೆಯುವುದಿಲ್ಲ ಎಂದು ತೋರಿಸಿದರು. ಕರ್ನಾಟಕದಲ್ಲಿ ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಿಇಟಿಯ ‘ಆಪ್ಷನ್ ಎಂಟ್ರಿ’ ಸಮಯದಲ್ಲಿ.

ರ‍್ಯಾಂಕ್ ಬಂದ ಮೇಲೆ ವಿದ್ಯಾರ್ಥಿಯು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಒಂದರ ಕೆಳಗೊಂದರಂತೆ ನಮೂದಿಸಬೇಕು. ರ‍್ಯಾಂಕಿಗೆ ದಕ್ಕುವ ಆಯ್ಕೆಗಳ ಪೈಕಿ ಪಟ್ಟಿಯಲ್ಲಿ ಮೇಲಿರುವುದನ್ನೇ ಕಂಪ್ಯೂಟರ್ ಹಂಚುವುದರಿಂದ, ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯುವುದು ಸರಿಯಾದ ಕ್ರಮ. ಮೊದಲು ಅಣಕು ಹಂಚಿಕೆ ನಡೆದು, ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶವೂ ಇರುತ್ತದೆ. ಇದನ್ನು ತಿಳಿದ ಮನೆಗಳಲ್ಲಿ ಹಿಂದಿನ ವರ್ಷಗಳ ಕಟಾಫ್ ರ‍್ಯಾಂಕ್ ಪಟ್ಟಿಯನ್ನು ಹರಡಿಕೊಂಡು ವಾರವಿಡೀ ಚರ್ಚೆ ನಡೆಯುತ್ತದೆ. ತಿಳಿಯದ ಮನೆಯ ವಿದ್ಯಾರ್ಥಿ ಸೈಬರ್ ಸೆಂಟರಿನ ಹುಡುಗ ಹೇಳಿದ ನಾಲ್ಕೈದು ಕಾಲೇಜುಗಳನ್ನು ಸೇರಿಸಿ ಎದ್ದು ಬರುತ್ತಾನೆ. ಗ್ರಾಮೀಣ ಅಭ್ಯರ್ಥಿಗಳಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿಯಿದ್ದರೂ, ಸಂಬಂಧಪಟ್ಟ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಮಾಡಿಸಿಟ್ಟುಕೊಳ್ಳದೆ ಅದನ್ನು ಕಳೆದುಕೊಳ್ಳುವವರು ಹೆಚ್ಚಾಗಿ ಯಾರಿಗೆ ಇದೆಲ್ಲ ಅತ್ಯಗತ್ಯವೋ ಆ ಮನೆಯವರೇ.

ಬೆಂಗಳೂರಿನ ‘ದಿ ಪ್ರಾಮಿಸ್ ಫೌಂಡೇಶನ್’ ಮೂಲಕ ವೃತ್ತಿ ಮನೋವಿಜ್ಞಾನದಲ್ಲಿ ದೀರ್ಘಕಾಲ ಕೆಲಸ ಮಾಡಿರುವ ಗಿಡಿಯನ್ ಅರುಳ್ಮಣಿ, ಭಾರತದ ಹರೆಯದವರ ‘ವೃತ್ತಿ ನಂಬಿಕೆ’ಗಳತ್ತ ಗಮನ ಸೆಳೆದಿದ್ದಾರೆ. ಯಾವ ಕೆಲಸ ಮರ್ಯಾದೆಯದ್ದು, ನಮ್ಮಂಥವರಿಗೆ ಎಷ್ಟು ಓದು ಸಾಕು, ಗಂಡಸಿನ ಕೆಲಸ ಯಾವುದು, ಎಷ್ಟು ಬೇಗ ಸಂಪಾದನೆ ಶುರುವಾಗಬೇಕು ಎಂಬ ತೀರ್ಮಾನಗಳನ್ನು ಮಗು ತಾನೇ ಯೋಚಿಸಿ ಕಂಡುಕೊಳ್ಳುವುದಿಲ್ಲ. ಮನೆ ಮತ್ತು ಸಮುದಾಯದಿಂದ ಪಡೆದಿರುತ್ತದೆ. ಆದ್ದರಿಂದ ಮಗುವಿಗೆ ಅಭಿರುಚಿ ಪರೀಕ್ಷೆ ಮಾಡಿಸಿ ವರದಿ ಕೈಗಿಟ್ಟ ಮಾತ್ರಕ್ಕೆ ಮಾರ್ಗದರ್ಶನ ಪೂರ್ಣವಾಗದು, ಮನೆಯವರೊಂದಿಗೂ ಮಾತಾಡಬೇಕಾಗುತ್ತದೆ.

ಅಭಿರುಚಿ ಪರೀಕ್ಷೆಗಳ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆಯೂ ಪೋಷಕರು ಎಚ್ಚರದಿಂದಿರಬೇಕು. ಬೆರಳಚ್ಚಿನ ಗೆರೆಗಳನ್ನು ನೋಡಿ ಮಗುವಿನ ಬುದ್ಧಿಯ ಬಗೆಯನ್ನೂ ಅದಕ್ಕೊಪ್ಪುವ ವೃತ್ತಿಯನ್ನೂ ಹೇಳುತ್ತೇವೆಂದು ಸಾವಿರಾರು ರೂಪಾಯಿ ಪಡೆಯುವ ಪರೀಕ್ಷೆಗಳಿಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಮಗಳ ದಾರಿ

ಪೋಷಕರ ಪ್ರಭಾವ ಮಗನ ಮೇಲೊಂದು ಬಗೆ, ಮಗಳ ಮೇಲೊಂದು ಬಗೆಯಾಗಿ ಕೆಲಸ ಮಾಡುತ್ತದೆ. ಹೆಣ್ಣುಮಕ್ಕಳ ಗಣಿತದ ಸಾಮರ್ಥ್ಯವನ್ನು ಕುರಿತು ತಾಯಂದಿರಲ್ಲಿರುವ ಪೂರ್ವಗ್ರಹ ಮಕ್ಕಳ ಆತ್ಮವಿಶ್ವಾಸಕ್ಕೂ ಇಳಿದುಬರುತ್ತದೆ ಎಂಬುದನ್ನು ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರ ಅಧ್ಯಯನಗಳು ದಶಕಗಳ ಹಿಂದೆಯೇ ತೋರಿಸಿದ್ದವು. ಕರ್ನಾಟಕದಲ್ಲಿ ಹುಡುಗಿಯರು ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ವರ್ಷ ವರ್ಷವೂ ಹುಡುಗರಿಗಿಂತ ಮುಂದಿರುವುದರಿಂದ ಸಾಮರ್ಥ್ಯದ ಪ್ರಶ್ನೆ ಈಗ ಯಾರೂ ಎತ್ತುವಂತಿಲ್ಲ. ಅವರ ದಾರಿಯನ್ನು ನಿರ್ಣಯಿಸುವ ಪ್ರಶ್ನೆಗಳು ಬೇರೆಯೇ ಆಗಿವೆ: ಕಾಲೇಜು ಎಷ್ಟು ದೂರ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಹಾಸ್ಟೆಲ್ ಇದೆಯೇ, ಜೊತೆಗೆ ಊರಿನ ಇನ್ನೊಬ್ಬ ಹುಡುಗಿ ಹೋಗುತ್ತಾಳೆಯೇ?

ಹೀಗಾಗಿ ಪಿಸಿಎಂಬಿ ಓದಬಯಸುವ ಹುಡುಗಿ, ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲವೆಂಬ ಒಂದೇ ಕಾರಣಕ್ಕೆ ಕಲಾ ವಿಭಾಗ ಸೇರುವುದು ಅಪರೂಪವಲ್ಲ. ಇನ್ನೂ ಗಂಭೀರವಾದದ್ದು ಮದುವೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಮಹಿಳೆಯರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು ರಾಜ್ಯ ತನ್ನದೇ ತಿದ್ದುಪಡಿ ತಂದಿದ್ದರೂ ಪರಿಸ್ಥಿತಿ ಹೀಗಿದೆ. ಹೆಣ್ಣುಮಗುವಿನ ವೃತ್ತಿ ಸನ್ನದ್ಧತೆಗೆ ಹೆತ್ತವರು ಕೊಡಬಹುದಾದ ಮೊದಲ ಕೊಡುಗೆ ಸಮಯ. ಇಪ್ಪತ್ತೆರಡರವರೆಗೆ ಮದುವೆಯ ಸುದ್ದಿಯೆತ್ತದ ತಾಯಿ ತಂದೆ ಯಾವ ಸಲಹೆಗಾರರಿಗಿಂತಲೂ ಹೆಚ್ಚಿನದನ್ನು ಮಾಡಿದಂತೆ.

ಒತ್ತಡ ಮಿತಿ ದಾಟಿದಾಗ

ಹದಿಹರೆಯದವರು ತಮ್ಮ ವ್ಯಕ್ತಿತ್ವವನ್ನು ಕಂಡುಕೊಳ್ಳುವ ಬಗೆಗಳನ್ನು 1966ರಲ್ಲಿ ವಿಂಗಡಿಸಿದ ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ, ಹುಡುಕಾಟವನ್ನೇ ನಡೆಸದೆ ಹಿರಿಯರು ಕೊಟ್ಟ ಗುರಿಯನ್ನು ತನ್ನದೆಂದು ಒಪ್ಪಿಕೊಂಡುಬಿಡುವ ಸ್ಥಿತಿಯೊಂದನ್ನು ಹೆಸರಿಸಿದ್ದರು. ಹೊರಗಿನಿಂದ ನೋಡಿದರೆ ಇಂಥ ಮಗು ತುಂಬ ಸ್ಪಷ್ಟವಾಗಿರುತ್ತದೆ. ‘ಏನಾಗ್ತೀಯಾ?’ ಎಂದರೆ ತಡಮಾಡದೆ ‘ಡಾಕ್ಟರ್’ ಎನ್ನುತ್ತದೆ, ನೆಂಟರೆಲ್ಲ ಮೆಚ್ಚುತ್ತಾರೆ. ಆ ಗುರಿ ಕೈತಪ್ಪಿದಾಗ ಮಾತ್ರ ಅದರ ಬಳಿ ಬೇರೆ ಉತ್ತರವಿರುವುದಿಲ್ಲ.

ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ನೀಟ್ ಪರೀಕ್ಷೆಯೊಂದೇ ಆದ ಮೇಲೆ, ಪಿಯು ಪಾಠದ ಜೊತೆಗೇ ನೀಟ್, ಜೆಇಇ ತರಬೇತಿ ಕೊಡುವ ‘ಇಂಟಿಗ್ರೇಟೆಡ್’ ವಸತಿ ಕಾಲೇಜುಗಳು ರಾಜ್ಯದಲ್ಲಿ ಹೆಚ್ಚಿವೆ. ಬೆಳಗಿನ ಜಾವದಿಂದ ರಾತ್ರಿಯವರೆಗೆ ತರಗತಿ, ಸ್ಟಡಿ ಅವರ್, ವಾರಾಂತ್ಯದ ಪರೀಕ್ಷೆ ಎಂಬ ಆ ದಿನಚರಿ ಸಹಿಸಬಲ್ಲ, ಬಯಸಿ ಬಂದ ಮಕ್ಕಳಿಗೆ ನೆರವಾಗುವುದುಂಟು. ಒಲ್ಲದ ಮಗುವನ್ನು, ಸಾಲ ಮಾಡಿಯಾದರೂ, ಅಲ್ಲಿ ಸೇರಿಸುವುದು ಬೇರೆ ಮಾತು. ಎರಡು ಲಕ್ಷ ಕಟ್ಟಿದ್ದೇವೆ ಎಂಬ ಮಾತನ್ನು ಪ್ರತಿ ಫೋನ್ ಕರೆಯಲ್ಲೂ ಕೇಳುವ ಹದಿನೇಳರ ಹುಡುಗನಿಗೆ ತನಗೆ ಆಗುತ್ತಿಲ್ಲವೆಂದು ಹೇಳುವ ಬಾಯೇ ಇರುವುದಿಲ್ಲ. ಪರೀಕ್ಷೆಯ ಕಾಲದಲ್ಲಿ ಮಗು ಊಟ, ನಿದ್ದೆ, ಮಾತು ಕಡಿಮೆ ಮಾಡಿದರೆ ಅದನ್ನು ಸೋಮಾರಿತನವೆಂದು ಗದರದೆ, 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಆಪ್ತಸಮಾಲೋಚನೆ ದೊರೆಯುತ್ತದೆ.

ಕಣ್ಣಿಗೆ ಬೀಳದ ದಾರಿಗಳು

ಹದಿನಾಲ್ಕರಿಂದ ಹದಿನೆಂಟು ವರ್ಷದ ಗ್ರಾಮೀಣ ಹರೆಯದವರನ್ನು ಕುರಿತ 2023ರ ‘ಅಸರ್’ ಸಮೀಕ್ಷೆ ಇಪ್ಪತ್ತಾರು ರಾಜ್ಯಗಳ ಇಪ್ಪತ್ತೆಂಟು ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ, ಹನ್ನೊಂದನೇ ತರಗತಿ ಮತ್ತು ಮೇಲ್ಪಟ್ಟು ಓದುತ್ತಿರುವವರ ಪೈಕಿ ಶೇ 55.7ರಷ್ಟು ಮಂದಿ ಕಲಾ ವಿಭಾಗದಲ್ಲಿ, ಶೇ 31.7ರಷ್ಟು ಮಂದಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷಯಗಳಲ್ಲಿ ಇದ್ದರು. ಸಮೀಕ್ಷೆಗೊಳಗಾದ ಎಲ್ಲ ಹರೆಯದವರ ಪೈಕಿ ವೃತ್ತಿ ತರಬೇತಿ ಪಡೆಯುತ್ತಿದ್ದವರು ಶೇ 5.6 ಮಾತ್ರ. ಮಾಧ್ಯಮಗಳಲ್ಲೂ ಮನೆಗಳಲ್ಲೂ ನಡೆಯುವ ಚರ್ಚೆಯೆಲ್ಲ ನೀಟ್, ಸಿಇಟಿಗಳ ಸುತ್ತ ಇರುವಾಗ, ಕಲಾ ವಿಭಾಗ ಸೇರುವ ಬಹುಸಂಖ್ಯಾತ ಹಳ್ಳಿಯ ಮಕ್ಕಳ ಮುಂದಿನ ಬದುಕಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವೆಂಬುದು ಈ ಅಂಕಿಗಳು ಹೇಳುವ ಕಹಿಸತ್ಯ.

ರಾಜ್ಯದಲ್ಲಿ ಬೇರೆ ದಾರಿಗಳಿಲ್ಲವೆಂದಲ್ಲ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಐಟಿ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವೃತ್ತಿಪರ ವಿಷಯಗಳನ್ನು ಎಸ್ಸೆಸ್ಸೆಲ್ಸಿ ಮಟ್ಟದಲ್ಲೇ ಆರಿಸಿಕೊಳ್ಳಬಹುದು. 1972ರಲ್ಲಿ ಡೆನ್ಮಾರ್ಕಿನ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದೆ. ಅಚ್ಚು ಮತ್ತು ಉಪಕರಣಗಳ ತಯಾರಿಕೆಯಲ್ಲಿ ಅಲ್ಲಿ ಡಿಪ್ಲೊಮಾ ಮಾಡಿದವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತಲೇ ಕೆಲಸ ಕಲಿಯಬಹುದು.

ಆದರೂ ‘ಫೇಲಾದೋರು ಸೇರೋದು ಐಟಿಐ’ ಎಂಬ ಮಾತು ಮನೆಗಳಲ್ಲಿ ನಿಂತಿಲ್ಲ. ಇದರ ಬೇರು ಮಾಹಿತಿಯ ಕೊರತೆಯಲ್ಲಿ ಮಾತ್ರವಲ್ಲ, ಕೈಕೆಲಸವನ್ನು ಜಾತಿಯೊಂದಿಗೆ ತಳುಕು ಹಾಕಿ ಕೀಳಾಗಿ ಕಂಡ ಸಮಾಜದ ಹಳೆಯ ರೋಗದಲ್ಲಿದೆ. ತಲೆಮಾರುಗಳಿಂದ ಒಂದೇ ಕಸುಬಿಗೆ ಕಟ್ಟುಬಿದ್ದ ಸಮುದಾಯದ ತಂದೆ ತನ್ನ ಮಗ ಮೇಜಿನ ಮುಂದೆ ಕುಳಿತು ಮಾಡುವ ಕೆಲಸವನ್ನೇ ಮಾಡಲಿ ಎಂದು ಬಯಸಿದರೆ ಅದನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಬದಲಾಗಬೇಕಾದವರು ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್‌ಗಳನ್ನು ಮನೆಗೆ ಕರೆಸಿಕೊಂಡು ಮಕ್ಕಳೆದುರಿಗೇ ಏಕವಚನದಲ್ಲಿ ಮಾತಾಡಿಸುವವರು. ಯಾವ ಕೆಲಸಕ್ಕೆ ಎಷ್ಟು ಮರ್ಯಾದೆಯೆಂಬ ಪಾಠವನ್ನು ಮಗು ಕಲಿಯುವುದು ಅಲ್ಲಿಯೇ.

ಹದಿನಾರನೆಯ ವಯಸ್ಸಿನ ಆಯ್ಕೆ ಬದುಕಿಗೆಲ್ಲ ಒಂದೇ ಎಂಬ ಭಯವೂ ನಿಜವಲ್ಲ. ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಕಲಾ ವಿಭಾಗದ ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕಾನೂನು ಪದವಿ ತೆರೆದಿದೆ. ಯಾವ ಪದವಿ ಪಡೆದವರೂ ಕೆಎಎಸ್, ಐಎಎಸ್ ಪರೀಕ್ಷೆ ಬರೆಯಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿಗಳಿಗೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ.

ಇದೆಲ್ಲವನ್ನೂ ಪೋಷಕರು ತಾವಾಗಿಯೇ ಹುಡುಕಿ ತಿಳಿಯಬೇಕೆಂದು ಕೈಚೆಲ್ಲಿ ಕೂರುವುದು ಸರ್ಕಾರಕ್ಕೆ ತಕ್ಕುದಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಎಲ್ಲ ಸರ್ಕಾರಿ ಶಾಲೆಗಳಲ್ಲಿವೆ, ಪೋಷಕರ ಸಭೆಗಳು ನಡೆಯುತ್ತವೆ; ಬಿಸಿಯೂಟ, ಕಟ್ಟಡ, ಹಾಜರಿಗಳ ಚರ್ಚೆಯ ಜೊತೆಗೆ ಎಂಟನೇ ತರಗತಿಯಿಂದಲೇ ವರ್ಷಕ್ಕೆರಡು ಬಾರಿ ಈ ದಾರಿಗಳ ವಿವರವನ್ನು, ಬೇಕಾಗುವ ಪ್ರಮಾಣಪತ್ರಗಳ ಪಟ್ಟಿಯನ್ನು ಅಲ್ಲಿ ಮುಂದಿಡಬೇಕು; ಅದೇ ಶಾಲೆಯಲ್ಲಿ ಓದಿ ಈಗ ನರ್ಸ್, ಲೈನ್‌ಮನ್, ಕೃಷಿ ಅಧಿಕಾರಿ, ಅಂಗಡಿ ಮಾಲೀಕರಾಗಿರುವವರನ್ನು ಕರೆಸಿ ಮಾತಾಡಿಸಬೇಕು. ಎಂಟನೇ ತರಗತಿಯ ಮಗುವಿರುವ ಪ್ರತಿಯೊಬ್ಬ ತಾಯಿ ತಂದೆಯೂ ಮುಂದಿನ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಲಿ. ಕೇಳುವಾಗ ಮಗುವನ್ನೂ ಜೊತೆಗೆ ಕರೆದೊಯ್ಯಲಿ.